ಬ್ಯಾಟ್ರಿ ದೀಪ

ಕೀರ್ತಿ: ಬೈಕಿನ ಕೀ ಕೊಡಿ ಅತ್ಗೆ. ಬ್ಯಾಟ್ರಿ ಕೂತ್ಕತದೆ.

ನಾನು: ನೆನ್ನೆ ತಾನೇ ಎಬ್ಬಿಸ್ಕೊಂಡು ಬಂದ್ಯಲ್ಲ. ಇವತ್ತು ಮತ್ತೆ ಕೂತ್ಕತದಾ?

ಕೀರ್ತಿ: ಅದು ಹಳೇ ಬ್ಯಾಟ್ರಿ. ದಿನಾ ಓಡಿಸ್ಬೇಕು. ನಿಲ್ಸಿದ್ರೆ ಸತ್ತೋಯ್ತದೆ.

ನಾನು: ನೆನ್ನೆ ಎಲ್ಲಿಗೆ ಓಡಿಸ್ದೆ?

ಕೀರ್ತಿ: ಗೊರೂರಿಗೆ.

ನಾನು: ಬ್ಯಾಟ್ರಿಗೆ ಡ್ಯಾಮ್ ತೋರಿಸೋಕಾ?

ಕೀರ್ತಿ: ದೂರ ಓಡಿದ್ರೇನೇ ಚಾರ್ಜ್ ಆಗೋದು ಅತ್ಗೆ. ಊರೊಳಗೆ ಸುತ್ತಿದ್ರೆ ಆಗಲ್ಲ.

ನಾನು: ಮೊನ್ನೆ?

ಕೀರ್ತಿ: ಮೊನ್ನೆ ಚನ್ನರಾಯಪಟ್ಟಣ.

ನಾನು: ಅದರ ಹಿಂದಿನ ದಿನ?

ಕೀರ್ತಿ: ಅದೂ ಚನ್ನರಾಯಪಟ್ಟಣವೇ. ಆ ರೋಡು ಚೆನ್ನಾಗೈತೆ.

ಕೀರ್ತಿರಾಜ ನನ್ನ ಮೈದುನ. ನಮ್ಮನೆಯವರ ತಮ್ಮ. ನಮ್ಮನೆಯವರು ಎದೆನೋವು ಬಂದು ಹೋದರು. ಇನ್ನೂ ವರ್ಷ ತುಂಬಿಲ್ಲ. ಅವರ ಬೈಕು ಜಗಲಿಯ ಪಕ್ಕ ನಿಂತಿದೆ. ನಾನು ಪಕ್ಕದೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಅವರಿದ್ದಾಗ ದಿನವೂ ಬೈಕಿನಲ್ಲಿ ಬಿಟ್ಟು ಬರುತ್ತಿದ್ದರು. ಈಗ ಬಸ್ಸು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮತ್ತೆ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹೆಡ್‌ಮೇಷ್ಟ್ರು ಹೇಳಿದ್ದಾರೆ.

ನಾನು: ಓಡಿಸ್ಬೇಕು ತಾನೇ? ಅಂಗಾದ್ರೆ ನನ್ನ ಸ್ಕೂಲ್ ತಾವ ಬಿಟ್ಬುಟ್ಟು ಬಾ. ಅದೂ ಓಡಿಸ್ದಂಗೇ ಆಯ್ತದೆ.

ಕೀರ್ತಿ: ಆ ರೋಡಲ್ಲಿ ಬರೀ ಗುಂಡಿ ಅತ್ಗೆ. ಬ್ಯಾಟ್ರಿ ಒಳಗಿನ ಆಸಿಡ್ ಕುಲುಕಾಡ್ತದೆ.

ನಾನು: ನಿಮ್ಮಣ್ಣ ದಿನಾ ಅದೇ ರೋಡಲ್ಲಿ ಬಿಡ್ತಿದ್ರಲ್ಲ.

ಕೀರ್ತಿ: ಅದ್ಕೇ ಬ್ಯಾಟ್ರಿ ಇಂಗಾಗಿರೋದು.

ಜಗಲಿಯ ಮೇಲೆ ನಮ್ಮ ಅತ್ತೆ ಮುದ್ದಮ್ಮ ಕೂತಿದ್ದರು. ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಹಾಗೆಂದು ಅವರೇ ಹೇಳುತ್ತಾರೆ.

ಅತ್ತೆ: ಏನಂತೆ ಅವಂದು?

ನಾನು (ಜೋರಾಗಿ): ಬ್ಯಾಟ್ರಿ ಕೂತ್ಕತದಂತೆ.

ಅತ್ತೆ: ಕೂತ್ಕಳ್ಳಿ ಬುಡು. ನಾನೂ ಕೂತ್ಕಂಡೇ ಇವ್ನಿ. ನನ್ನ ಯಾರಾದ್ರೂ ಗೊರೂರಿಗೆ ಕರ್ಕಂಡೋದ್ರಾ?

ನಾನು ಬೈಕಿನ ಹಿಂಭಾಗ ನೋಡಿದೆ.

ನಾನು: ಅದ್ಸರಿ, ಮಡ್ಚಿದ್ದ ಹಿಂದಿನ ಫುಟ್‌ರೆಸ್ಟ್ ಯಾಕೆ ಬಿಚ್ಕೊಂಡೈತೆ? ನೀನೊಬ್ನೇ ತಾನೇ ಓಗಿದ್ದು?

ಕೀರ್ತಿ: ಗಾಳಿಗೆ ಬಿಚ್ಕೊಂಡಿರ್ತದೆ.

ನಾನು: ಎಡಗಡೇದು ಮಾತ್ರ ಬಿಚ್ಕೊಂಡೈತೆ.

ಕೀರ್ತಿ: ಗಾಳಿ ಎಡಗಡೆಯಿಂದ ಬೀಸ್ತಿತ್ತು.

ಎಡಗಡೆಯದು ಒಂದೇ ಬಿಚ್ಚಿದ್ದರೆ ಹಿಂದೆ ಹೆಂಗಸು ಕೂತಿದ್ದಳು ಎಂದರ್ಥ. ನಾನೂ ಅದೇ ಕಡೆ ಕಾಲಿಟ್ಟು ಕೂತವಳು. ಆದರೂ ಕೀ ಕೊಟ್ಟೆ. ಬ್ಯಾಟ್ರಿಯೂ ಹೋದರೆ ಏನು ಮಾಡಲಿ? ಅವರದು ಅಂತ ಓಡಾಡುವ ವಸ್ತು ಉಳಿದಿರುವುದು ಅದೊಂದೇ.

*

ಭಾನುವಾರ ಬೈಕನ್ನು ತಳ್ಳಿಕೊಂಡು ಹಳೇಕೋಟೆ ಬಸ್‌ಸ್ಟ್ಯಾಂಡಿಗೆ ಹೋದೆ. ಅಲ್ಲಿ ರಜನೀಶನ ಗ್ಯಾರೇಜು. ನಮ್ಮನೆಯವರು ಬೈಕನ್ನು ಬೇರೆ ಯಾರ ಕೈಗೂ ಕೊಟ್ಟವರಲ್ಲ.

ರಜನೀಶ: ತಳ್ಕೊಂಡ್ ಬಂದ್ರಾ ಧನಕ್ಕ? ಒಂದು ಫೋನ್ ಮಾಡಿದ್ರೆ ನಾನೇ ಬತ್ತಿದ್ದೆ.

ನಾನು: ಬ್ಯಾಟ್ರಿ ಕೂತೈತೋ ಎದ್ದೈತೋ ಅಂತ ಓಡಿಸ್ದೆ ತಿಳ್ಕೊಳ್ಳೋದು ಎಂಗೆ?

ರಜನೀಶ: ಅದ್ಕೇ ಅಂತ ಒಂದು ದೀಪ ಬತ್ತದೆ ಅಕ್ಕ. ಕಡ್ಲೆಬೀಜದಷ್ಟಿರ್ತದೆ. ಹಸುರು ಬಂದ್ರೆ ಚಾರ್ಜೈತೆ. ಹಳದಿ ಬಂದ್ರೆ ಇಳೀತೈತೆ. ಕೆಂಪು ಬಂದ್ರೆ ಕೂತೋಯ್ತು.

ನಾನು: ಅದು ಸುಳ್ಳು ಹೇಳಲ್ವಾ?

ರಜನೀಶ: ದೀಪ ಯಾಕೆ ಸುಳ್ಳು ಹೇಳ್ತದೆ? ಅದಕ್ಕೇನ್ ದಿನಾ ಚನ್ನರಾಯಪಟ್ಟಣಕ್ಕೆ ಓಗೋದೈತಾ?

ನಾನು: ಚನ್ನರಾಯಪಟ್ಟಣದ ಸಮಾಚಾರ ನಿಂಗೆಂಗೆ ಗೊತ್ತು?

ರಜನೀಶ: ಯಾವ ಸಮಾಚಾರ? ನಂಗೇನೂ ಗೊತ್ತಿಲ್ಲ. ದೀಪ ಹಾಕ್ಲಾ ಬ್ಯಾಡ್ವಾ?

ನಾನು: ಹಾಕು.

ಅವನು ಡ್ರಿಲ್ ಎತ್ತಿಕೊಂಡ.

ನಾನು: ಅದ್ಯಾಕೆ?

ರಜನೀಶ: ಮೀಟರ್ ಪಕ್ಕ ಒಂದು ತೂತ ಹಾಕ್ತೀನಿ. ಕಂಪನಿಯಿಂದಾನೇ ಬಂದಂಗೆ ಕಾಣ್ತದೆ.

ನಾನು: ಅವರ ಗಾಡಿಗೆ ತೂತ ಹಾಕ್ಬ್ಯಾಡ.

ರಜನೀಶ: ಸಣ್ಣ ತೂತ ಅಕ್ಕ.

ನಾನು: ಸಣ್ಣದೂ ಬ್ಯಾಡ. ಯಾಕೆ ಹಾಕಿಸ್ದೆ ಅಂತ ಕೇಳ್ತಾರೆ.

ಯಾರು ಕೇಳುತ್ತಾರೆ ಎಂದು ಅವನು ಕೇಳಲಿಲ್ಲ. ಡ್ರಿಲ್ ಕೆಳಗಿಟ್ಟ. ಒಂದು ಕ್ಲಿಪ್ ಹುಡುಕಿ ತಂದು ದೀಪವನ್ನು ಕನ್ನಡಿಯ ಕಂಬಿಗೆ ಕಚ್ಚಿಸಿದ.

ರಜನೀಶ: ಒಂದು ವೈರು ಕೀ ಲೈನಿಗೆ ಕೊಡ್ತೀನಿ. ಕೀ ತಿರುಗ್ಸಿದ್ರೆ ಮಾತ್ರ ಉರೀತದೆ. ಎಂಜಿನ್ ಸ್ಟಾರ್ಟ್ ಮಾಡ್ದೆ ನೋಡ್ಬೇಕು, ನೆನಪಿರ್ಲಿ. ಓಡ್ತಿರೋವಾಗ ಎಂಥಾ ಬ್ಯಾಟ್ರಿನೂ ಚೆನ್ನಾಗೇ ಕಾಣ್ತದೆ. ನಿಂತಾಗ್ಲೇ ಒಳಗಿಂದು ಗೊತ್ತಾಗೋದು.

ನಾನು: ನಮ್ಮೋರೂ ಅಂಗೇ. ಓಡಾಡ್ಕೊಂಡೇ ಇದ್ರು.

ಅವನು ಸ್ಕ್ರೂ ತಿರುಗಿಸಿದ. ಬಿಗಿಯಾಗಿದ್ದ ಸ್ಕ್ರೂವನ್ನೇ ಇನ್ನೊಮ್ಮೆ ತಿರುಗಿಸಿದ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಕೈಯೆಲ್ಲ ಗ್ರೀಸು. ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದ.

ಫೋನಿನಲ್ಲಿ ಕೀರ್ತಿ: ಅಣ್ಣ, ನಮ್ಮತ್ಗೆ ಬಂದವ್ರಾ?

ರಜನೀಶ ನನ್ನ ಮುಖ ನೋಡಿದ. ಇಲ್ಲ ಎನ್ನು ಎಂದು ಕೈ ಆಡಿಸಿದೆ.

ರಜನೀಶ: ಗಾಡಿ ಬಂದೈತೆ.

ಕೀರ್ತಿ: ನೀನು ಎಲ್ರ ಗಾಡಿಗೂ ಹಾಕೋ ಆ ಬ್ಯಾಟ್ರಿ ದೀಪ ಇದಕ್ಕೂ ಹಾಕ್ತೀಯಲ್ಲ. ನೀನೊಂದು ಉಪಕಾರ ಮಾಡಣ್ಣ. ಎಂಗಾದ್ರೂ ಮಾಡಿ ಅದು ಕೆಂಪೇ ಉರಿಯಂಗೆ ಮಾಡ್ಬುಡು.

ರಜನೀಶ: ಕೆಂಪೇ ಯಾಕ್ಲಾ?

ಕೀರ್ತಿ: ಕೆಂಪಾದ್ರೆ ಅತ್ಗೆ ಎದ್ರುಕೊಂಡು ಕೀ ಕೊಡ್ತಾರೆ. ಪಾಪ, ಅವರಿಗೆ ಈ ಬ್ಯಾಟ್ರಿಗಿಟ್ರಿ ಎಲ್ಲ ತಿಳಿಯಲ್ಲ.

ನಾನು ಫೋನಿನ ಹತ್ತಿರ ಬಗ್ಗಿದೆ.

ನಾನು: ಕೀರ್ತಿ, ಬತ್ತಾ ಸ್ವಲ್ಪ ಈರುಳ್ಳಿ ತಗಂಬಾ.

ಫೋನು ಕಟ್ಟಾಯಿತು.

ರಜನೀಶ: ನಾನು ಅಂಗೆಲ್ಲ ಮಾಡೋನಲ್ಲ ಅಕ್ಕ.

ನಾನು: ಗೊತ್ತು. ಆದ್ರೂ ನಿನ್ ಮೇಲೆ ಒಂದು ಕಣ್ಣಿಟ್ಟಿರ್ತೀನಿ.

ರಜನೀಶ: ಇನ್ನೊಂದು ವಿಷ್ಯ. ಇವತ್ತು ಹಸುರೈತೆ. ಇಂಗೇ ನಿಲ್ಸಿದ್ರೆ ಒಂದಷ್ಟು ದಿನಕ್ಕೆ ಇಳಿದೇ ಇಳೀತದೆ. ಕೀರ್ತಿ ಹೇಳೋದ್ರಲ್ಲಿ ಅಷ್ಟು ಮಾತ್ರ ನಿಜ. ಯಾರಾದ್ರೂ ಓಡಿಸ್ಲೇಬೇಕು.

ನಾನು: ಯಾರಾದ್ರೂ ಅಂದ್ರೆ ಯಾರಾದ್ರೂ ಆಗ್ಬೌದಾ?

ರಜನೀಶ: ಮ್ಯಾಲೆ ಯಾರು ಕೂತವ್ರೆ ಅಂತ ಬ್ಯಾಟ್ರಿ ತಿರುಗಿ ನೋಡಲ್ಲ ಅಕ್ಕ.

*

ಮಾರನೆಯ ದಿನದಿಂದ ನಾನೇ ಓಡಿಸಿದೆ.

ಓಡಿಸುವುದು ನನಗೆ ಬರುತ್ತದೆ. ಕೊಯ್ಲಾದ ಗದ್ದೆಯಲ್ಲಿ ಅವರೇ ಕಲಿಸಿದ್ದು. ಆದರೆ ಊರೊಳಗೆ ಎಂದೂ ಓಡಿಸಿದವಳಲ್ಲ. ಅವರು ಹೋದ ಮೇಲಂತೂ ಕೇಳಲೇಬೇಡಿ. ನಾನು ಬಸ್ಸಿಗೆ ನಿಂತಾಗ ಜಡೆಗೆ ಹೊಸ ಕ್ಲಿಪ್ ಹಾಕಿದ್ದರೂ ಜನ ನೋಡುತ್ತಾರೆ. ಅದಕ್ಕೇ ಸೂರ್ಯ ಹುಟ್ಟುವ ಮುಂಚೆ ಎದ್ದು, ಸದ್ದಾಗದಂತೆ ಊರಾಚೆಯ ನೀರಿನ ಚಾನೆಲ್ ಏರಿಯವರೆಗೆ ತಳ್ಳಿಕೊಂಡು ಹೋಗುತ್ತಿದ್ದೆ. ಅಲ್ಲಿಂದ ಸ್ಟಾರ್ಟ್. ಏರಿಯ ಕೊನೆಯವರೆಗೆ ಹೋಗಿ ಬರುತ್ತಿದ್ದೆ. ಮನೆ ಹತ್ತಿರ ಬಂದಾಗ ಎಂಜಿನ್ ಆರಿಸಬೇಕೆಂದುಕೊಳ್ಳುತ್ತಿದ್ದೆ. ಎಷ್ಟೋ ಸಲ ಮರೆತೇ ಹೋಗುತ್ತಿತ್ತು. ಆ ಸದ್ದು ಕೇಳುತ್ತಾ ಬಂದರೆ ಆರಿಸುವ ಮನಸ್ಸಾಗುತ್ತಿರಲಿಲ್ಲ.

ಕೀರ್ತಿ ಬಿಸಿಲು ಮುಖಕ್ಕೆ ಬಿದ್ದ ಮೇಲೆ ಏಳುವವನು. ಎದ್ದವನೇ ಹಲ್ಲುಜ್ಜುತ್ತಾ ಬೈಕಿನ ಹತ್ತಿರ ಬರುತ್ತಿದ್ದ.

ಕೀರ್ತಿ: ಕೀ ತಿರುಗ್ಸಿ ಅತ್ಗೆ, ನೋಡೋಣ.

ನಾನು: ನೋಡು. ಹಸುರು.

ಕೀರ್ತಿ: ಬಿಸ್ಲಿಗೆ ಅಂಗ್ ಕಾಣ್ತೈತೆ.

ನಾನು: ಕೈ ಅಡ್ಡ ಇಟ್ಟು ನೆಳ್ಳಲ್ಲಿ ನೋಡು.

ಕೀರ್ತಿ: ನೆಳ್ಳಲ್ಲಿ ಸ್ವಲ್ಪ ಹಳದಿ ಇದ್ದಂಗೈತೆ.

ಅತ್ತೆ: ಅವನ್ನ ಆಸ್ಪತ್ರೆಗೆ ಕರ್ಕಂಡೋಗಮ್ಮಿ. ಕಾಮಾಲೆ ಆಗಿರ್ಬೇಕು. ಹಸುರೆಲ್ಲ ಹಳದಿ ಕಾಣ್ತೈತಂತೆ.

ಕೀರ್ತಿ: ನಿಂಗೆ ಕಿವಿ ಕೇಳಲ್ವಲ್ಲವ್ವ?

ಅತ್ತೆ: ಏನು?

ಇನ್ನೊಂದು ದಿನ ಬೇರೆ ದಾರಿ ಹಿಡಿದ.

ಕೀರ್ತಿ: ದೀಪ ಹಸುರಾಗೇ ಇರ್ಬೌದು ಅತ್ಗೆ. ಆದ್ರೆ ಟೈರು? ನಿಂತಲ್ಲೇ ನಿಂತ್ರೆ ಟೈರ್ ಚಪ್ಪಟೆ ಆಯ್ತದೆ.

ನಾನು: ಅದ್ಕೂ ಒಂದು ದೀಪ ಹಾಕಿಸ್ತೀನಿ.

ಕೀರ್ತಿ: ಪೆಟ್ರೋಲು? ಟ್ಯಾಂಕಲ್ಲೇ ಹಳಸೋಯ್ತದೆ.

ನಾನು: ಪೆಟ್ರೋಲ್ ಏನು ಬಿಸಿಯೂಟದ ಸಾರಾ?

ಆ ದಿನ ಅವನು ಚನ್ನರಾಯಪಟ್ಟಣಕ್ಕೆ ಹೋಗಲಿಲ್ಲ. ಮಾರನೇ ದಿನವೂ ಇಲ್ಲ. ಯಾರದೋ ಫೋನು ಬಂದರೆ ಹಿತ್ತಲಿಗೆ ಹೋಗಿ, ಗಾಡಿ ಸರ್ವಿಸಿಗೆ ಬಿಟ್ಟಿದ್ದೀನಿ ಎನ್ನುತ್ತಿದ್ದ. ಎಂಥಾ ಸರ್ವಿಸೋ, ಮುಗಿಯಲೇ ಇಲ್ಲ.

*

ಅಮಾವಾಸ್ಯೆಯ ಬೆಳಿಗ್ಗೆ ನಾನು ಒಳಗೆ ಶಾಲೆಗೆ ಹೊರಡುತ್ತಿದ್ದೆ. ಹೊರಗಿನಿಂದ ಕೀರ್ತಿ ಕೂಗಿದ. ಅಷ್ಟು ಖುಷಿಯ ದನಿ ಈ ಮನೆಯಲ್ಲಿ ಕೇಳಿ ಎಷ್ಟೋ ತಿಂಗಳಾಗಿತ್ತು.

ಕೀರ್ತಿ: ಕೆಂಪು ಬಂತು ಅತ್ಗೆ. ಬನ್ನಿ, ಕೆಂಪು ಬಂತು.

ನಾನು ಹೊರಗೆ ಬಂದೆ. ಕನ್ನಡಿಯ ಕಂಬಿಯ ಮೇಲಿನ ದೀಪ ಕೆಂಪಗಿತ್ತು.

ನಾನು: ಬೆಳಿಗ್ಗೆ ಹಸುರಿತ್ತಲ್ಲ.

ಕೀರ್ತಿ: ಬೆಳಿಗ್ಗೆ ಯಾಕೆ ನೋಡಿದ್ರಿ?

ನಾನು: ಸುಮ್ನೆ ನೋಡ್ದೆ.

ಕೀರ್ತಿ: ನೋಡೋದ್ರಿಂದ ಚಾರ್ಜ್ ಆಗಲ್ಲ. ಓಡಿಸ್ಬೇಕು. ನಾನು ಅವತ್ತಿಂದ ಬಡ್ಕೊಂಡೆ. ಕೊಡಿ ಕೀ. ಚನ್ನರಾಯಪಟ್ಟಣದಿಂದ ಬರೋವಷ್ಟ್ರಲ್ಲಿ ಸರಿಯಾಗಿರ್ತದೆ.

ನಾನು ಕೀ ಕೊಡಲಿಲ್ಲ. ರಜನೀಶನಿಗೆ ಫೋನ್ ಮಾಡಿದೆ. ಅವನು ಗ್ಯಾರೇಜಿನ ಶಟರ್ ಅರ್ಧ ಎತ್ತಿದ್ದವನು ಹಾಗೇ ಬಂದ.

ನಾನು: ಏನಪ್ಪ, ನೀನೂ ಇವನ ಜೊತೆ ಸೇರ್ಕೊಂಡ್ಯಾ?

ರಜನೀಶ ಬಾಯಿ ತೆರೆಯುವ ಮೊದಲೇ ಕೀರ್ತಿ ಅವನ ಕೈ ಹಿಡಿದು ಕುಲುಕಿದ.

ಕೀರ್ತಿ: ಲೇಟಾದ್ರೂ ಪರವಾಗಿಲ್ಲ ಕಣಣ್ಣ. ಕೆಲ್ಸ ಅಂದ್ರೆ ಇದು.

ರಜನೀಶ: ಯಾವ ಕೆಲ್ಸ? ನಾನೇನೂ ಮಾಡಿಲ್ಲ.

ಕೀರ್ತಿ: ಅದೇ ನಿನ್ ದೊಡ್ಡತನ.

ನಾನು: ನೋಡ್ದಾ, ಅವನೇ ಒಪ್ಕೊಂಡ.

ರಜನೀಶ: ಅವನು ಒಪ್ಕೊಂಡ್ರೆ ನಾನು ಮಾಡ್ದಂಗೆ ಎಂಗಾಯ್ತದೆ ಅಕ್ಕ? ನಮ್ಮಮ್ಮನಾಣೆ, ನಾನು ಅವತ್ತಿಂದ ಈ ಬೀದಿಗೇ ಬಂದಿಲ್ಲ. ಕೀ ಎಲ್ಲೈತೆ?

ನಾನು: ನನ್ನ ಸೊಂಟದಲ್ಲಿ.

ರಜನೀಶ: ಯಾವಾಗಿಂದ?

ನಾನು: ಬೆಳಿಗ್ಗೆಯಿಂದ.

ರಜನೀಶ: ಕೀ ನಿಮ್ಮ ಸೊಂಟದಲ್ಲಿದ್ರೆ ದೀಪ ಎಂಗೆ ಉರೀತೈತೆ?

ಮೂವರೂ ದೀಪ ನೋಡಿದೆವು.

ಕೀರ್ತಿ: ಬ್ಯಾಟ್ರಿ ಅಷ್ಟು ಕೆಟ್ಟೋಗೈತೆ ಅಣ್ಣ. ಕೀ ಇಲ್ದೇನೂ ಕೆಂಪು ತೋರಿಸ್ತೈತೆ.

ರಜನೀಶ ಬೆರಳಿನಿಂದ ದೀಪ ಉಜ್ಜಿದ. ಬೆರಳು ಕೆಂಪಾಯಿತು. ಮೂಗಿನ ಹತ್ತಿರ ಹಿಡಿದ.

ರಜನೀಶ: ಇದು ಕುಂಕುಮ.

ಅತ್ತೆ: ಅಳಿಸ್ಬ್ಯಾಡ್ರಪ್ಪ. ಈಗ ತಾನೇ ಇಟ್ಟಿದ್ದೀನಿ.

ರಜನೀಶ: ಇದ್ರ ಮ್ಯಾಲೆ ಯಾಕೆ ಇಟ್ಟೆ ಅಜ್ಜಿ?

ಅತ್ತೆ: ಅಮಾಸೆ ಅಲ್ವಾ? ಅಮಾಸೆ ಅಮಾಸೆಗೂ ನನ್ ಮಗ ಪೂಜೆ ಮಾಡ್ತಿದ್ದ. ಈಗ ನಾನು ಮಾಡ್ತೀನಿ. ಮುಂದಿನ ಗಾಲಿಗಿಟ್ಟೆ, ಹಿಂದಿನ ಗಾಲಿಗಿಟ್ಟೆ, ದೊಡ್ಡ ದೀಪಕ್ಕಿಟ್ಟೆ. ಸಣ್ಣ ದೀಪ ಒಂದನ್ನ ಬುಟ್ರೆ ಅದು ಬೇಜಾರ್ ಮಾಡ್ಕಳಲ್ವಾ?

ನಾನು ಸೆರಗಿನಿಂದ ದೀಪ ಒರೆಸಿದೆ. ಕೀ ಹಾಕಿ ತಿರುಗಿಸಿದೆ. ಹಸುರು. ಸೊಪ್ಪಿನಂಥ ಹಸುರು.

ನಾನು ನಕ್ಕೆ. ರಜನೀಶನೂ ನಕ್ಕ. ಕೀರ್ತಿ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಹಲ್ಲುಜ್ಜುವ ಬ್ರಷ್ ಜಗಲಿಯ ಮೇಲಿಟ್ಟ.

ಕೀರ್ತಿ: ಅಣ್ಣ, ನಿಂತ ಬ್ಯಾಟ್ರಿ ಇಳೀತದೆ ಅಲ್ವಾ?

ರಜನೀಶ: ಇಳೀತದೆ.

ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ.

ಕೀರ್ತಿ: ನಾನು ಮುಟ್ಟಿಲ್ಲ. ಆದ್ರೂ ಹಸುರು ಇಳಿದಿಲ್ಲ. ಅಂಗಾದ್ರೆ ಓಡಿಸ್ತಿರೋರು ಯಾರು?

ಕುಕ್ಕರಗಾಲಿನಲ್ಲಿ ಕೂತು ಟೈರು ಮುಟ್ಟಿದ. ಚಾನೆಲ್ ಏರಿಯ ಮಣ್ಣು ಇನ್ನೂ ಹಸಿಯಾಗಿತ್ತು. ದೀಪ ಸುಳ್ಳು ಹೇಳುವುದಿಲ್ಲ ಎಂದು ಹಿಗ್ಗಿದವಳು ನಾನು. ಈಗ ಅದು ಅವನ ಕಡೆ ಸಾಕ್ಷಿ ಹೇಳುತ್ತಿತ್ತು.

ಕೀರ್ತಿ: ಅತ್ಗೆ, ಯಾರು?

ನಾನು: ನಾನೇ.

ಕೀರ್ತಿ: ನೀವಾ?

ನಾನು: ನಾನೇ. ದಿನಾ.

ಕೀರ್ತಿ: ವರ್ಷ ತುಂಬಿಲ್ಲ. ಜನ ನೋಡಿದ್ರೆ ಏನಂತಾರೆ? ಗಂಡ ಓದ ಅಂತ ಬೈಕ್ ಓಡಿಸ್ಕೊಂಡು ಮೆರೀತಾವ್ಳೆ ಅಂತಾರೆ. ಬ್ಯಾಡ ಅತ್ಗೆ. ಕೀ ಇನ್ಮೇಲೆ ನನ್ನ ತಾವ ಇರ್ಲಿ.

ಕೈ ಚಾಚಿದ. ನಾನು ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಕೊಟ್ಟರೆ ಮತ್ತೆ ನನ್ನ ಕೈ ಸೇರುವುದಿಲ್ಲ ಎಂದು ಗೊತ್ತಿತ್ತು.

ಕೀರ್ತಿ: ಅವ್ವ, ನೀನೇ ಹೇಳು.

ಅತ್ತೆ: ಏನು? ಜೋರಾಗಿ ಹೇಳು.

ಕೀರ್ತಿ (ಕೂಗಿ): ಅತ್ಗೆ ಬೈಕ್ ಓಡಿಸ್ತಾವ್ರಂತೆ.

ಅತ್ತೆ: ಅದಾ? ಗೊತ್ತು ಬುಡು. ತಳ್ಕಂಡು ಓಯ್ತಾಳೆ, ಓಡಿಸ್ಕಂಡು ಬತ್ತಾಳೆ.

ನಾನು: ನಿಮಗೆ ಕೇಳಿಸ್ತಿತ್ತಾ ಅತ್ತೆ?

ಅತ್ತೆ: ನನ್ ಮಗನ ಗಾಡಿ ಸದ್ದು ನಂಗೆ ಕೇಳ್ದೆ ಇರ್ತದಾ? ಮೊದಲ್ನೇ ದಿನ ಅವನೇ ಬಂದ ಅಂತ ಎದ್ದು ಕೂತೆ. ಆಮೇಲೆ ಗೇರು ಕಿರ್ ಅಂತು. ಓ, ಇವಳು ಅಂತ ಮಲೀಕಂಡೆ.

ರಜನೀಶ ಬೆರಳಿನ ಕುಂಕುಮವನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನಿಂತ.

ಕೀರ್ತಿ: ಅಂಗಾದ್ರೆ ನಾನು?

ಅತ್ತೆ: ನೀನೇನ್ಲಾ? ಬ್ಯಾಟ್ರಿ ಕೂತ್ಕಬಾರ್ದು ಅಂತ ತಾನೇ ನಿನ್ ಸಂಕಟ? ಈಗ ಕೂತಿಲ್ಲ. ಇನ್ನು ನೀನು ಆರಾಮಾಗಿ ಕೂತ್ಕ.

ಕೀರ್ತಿ: ಕವನಾಗೆ ಏನು ಹೇಳ್ಲಿ?

ಇದನ್ನು ಅವನು ಮೆಲ್ಲಗೆ ಹೇಳಿದ್ದು. ತನಗೆ ತಾನೇ ಹೇಳಿಕೊಂಡಂತೆ.

ಅತ್ತೆ: ಯಾರ್ಲಾ ಅದು ಕವನಾ?

ಕೀರ್ತಿ: ಯಾರೂ ಇಲ್ಲ.

ರಜನೀಶ: ಚನ್ನರಾಯಪಟ್ಟಣದ ಬಟ್ಟೆ ಅಂಗ್ಡೀಲಿ ಕೆಲ್ಸ ಮಾಡ್ತದೆ ಅಜ್ಜಿ ಆ ಹುಡ್ಗಿ. ಒಳ್ಳೆ ಹುಡ್ಗಿ.

ಕೀರ್ತಿ: ಅಣ್ಣ.

ರಜನೀಶ: ಬಾಯಿಗೆ ಬಂದ್ಬುಡ್ತು ಕಣೋ.

ನಾನು: ಓ, ಎಡಗಡೆ ಗಾಳಿ.

ಕೀರ್ತಿ ಜಗಲಿಯ ಅಂಚಿನಲ್ಲಿ ಕುಸಿದು ಕೂತ.

ಕೀರ್ತಿ: ಗಾಡಿ ನಂದೇ ಅಂತ ಹೇಳ್ಬುಟ್ಟಿದ್ದೀನಿ ಅತ್ಗೆ.

ನಾನು: ಈಗ ನಮ್ಮತ್ಗೇದು ಅನ್ನು.

ಕೀರ್ತಿ: ನಗ್ತಾಳೆ.

ನಾನು: ನಗ್ಲಿ. ನಕ್ಕು ಬತ್ತೀನಿ ಅಂದ್ರೆ ಮನೆಗೆ ಕರ್ಕೊಂಡ್ ಬಾ.

ಅತ್ತೆ: ಬಸ್ಸಲ್ಲಿ ಕರ್ಕಂಬಾ. ಕಿಟಕಿ ಪಕ್ಕ ಕೂರಿಸ್ಕಂಬಾ. ಗಾಳಿ ಅಲ್ಲೂ ಬತ್ತದೆ.

ಅಷ್ಟರಲ್ಲಿ ರಸ್ತೆಯಲ್ಲಿ ಹಾರ್ನ್ ಕೇಳಿತು. ನನ್ನ ಬಸ್ಸು. ನಾವು ನೋಡುತ್ತಿದ್ದಂತೆಯೇ ಹೋಯಿತು. ಇವತ್ತು ಮಕ್ಕಳಿಗೆ ಪಲಾವು. ಒಲೆ ಹಚ್ಚುವ ಹೊತ್ತಾಗಿತ್ತು.

ರಜನೀಶ: ನಾನು ಬಿಡ್ಲಾ ಅಕ್ಕ?

ಬೀದಿಯಲ್ಲಿ ಆಗಲೇ ಜನ. ನಲ್ಲಿಯ ಹತ್ತಿರ ಎದುರುಮನೆ ಮಲ್ಲಿಗಮ್ಮ ಕೊಡ ತುಂಬಲು ಇಟ್ಟು ನಮ್ಮ ಮನೆ ಕಡೆಯೇ ನೋಡುತ್ತಿದ್ದಳು.

ನಾನು: ಬ್ಯಾಡಪ್ಪ. ನಂದು ಐತಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಬೈಕನ್ನು ಏರಿಯವರೆಗೆ ತಳ್ಳಲಿಲ್ಲ. ಮನೆ ಮುಂದೆಯೇ ಹತ್ತಿ ಸ್ಟಾರ್ಟ್ ಮಾಡಿದೆ. ಮಲ್ಲಿಗಮ್ಮನ ಕೊಡ ತುಂಬಿ ಹರಿಯಿತು.

ಅತ್ತೆ ಜಗಲಿಯಿಂದ ಇಳಿದರು.

ಅತ್ತೆ: ತಡಿ, ನಾನೂ ಬತ್ತೀನಿ.

ನಾನು: ಎಲ್ಲಿಗೆ ಅತ್ತೆ? ನಾನು ಸ್ಕೂಲಿಗೆ ಓಯ್ತಿರೋದು.

ಅತ್ತೆ: ಗೊತ್ತು. ನಂಗೆ ಬೆಳ್ಳುಳ್ಳಿ ಬಿಡಿಸೋಕೆ ಬರಲ್ವಾ? ಲೇ ಕೀರ್ತಿ, ಬಾ ಇಲ್ಲಿ. ಎತ್ತಿ ಕೂರಿಸು.

ಕೀರ್ತಿ ತಾಯಿಯನ್ನು ಎತ್ತಿ ಹಿಂದೆ ಕೂರಿಸಿದ. ಫುಟ್‌ರೆಸ್ಟನ್ನು ತಾನೇ ಬಿಚ್ಚಿಕೊಟ್ಟ. ಅತ್ತೆ ನನ್ನ ಸೊಂಟ ಬಿಗಿಯಾಗಿ ಹಿಡಿದರು.

ಅತ್ತೆ: ನಿಧಾನಕ್ಕೆ ಓಡ್ಸಮ್ಮಿ. ನನ್ ಮಗ ಓಡಿಸ್ದಂಗೆ ಓಡಿಸ್ಬ್ಯಾಡ.

ನಾನು: ನಂಗೆ ಬ್ಯಾರೆ ತರ ಬರಲ್ಲ ಅತ್ತೆ.